ನಲ್ಲಿ ಸಾಲಿನಲ್ಲಿ ಯಾರಿರಲಿಲ್ಲ: ಪ್ರಬಂಧ ಬರೆಯುತ್ತಾ ನನಗೆ ಕಂಡದ್ದು

ಶಾಲೆಯಲ್ಲಿ ನಮಗೆ ಪ್ರಬಂಧ ಕಲಿಸಿದ್ದು ಮೂರು ಭಾಗ ಮಾಡಿ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ಗ್ರಂಥಾಲಯಗಳ ಮಹತ್ವ, ರಾಷ್ಟ್ರೀಯ ಹಬ್ಬಗಳು, ಪರಿಸರ ಮಾಲಿನ್ಯ, ಯಾವ ವಿಷಯ ಕೊಟ್ಟರೂ ಇದೇ ಕ್ರಮ. ಪರೀಕ್ಷೆಗೆ ಅದು ಸರಿಯೇ. ಗೊತ್ತಿರುವುದನ್ನು ಚೊಕ್ಕವಾಗಿ ಒಂದೂವರೆ ಪುಟದಲ್ಲಿ ಹೇಳಿ ಮುಗಿಸಬೇಕು. ಆದರೆ ನನ್ನದೇ ಬದುಕಿನ ಬಗ್ಗೆ ಬರೆಯಲು ಕೂತಾಗ ಈ ಕ್ರಮ ಅಡ್ಡ ಬರುತ್ತದೆ. ಮೊದಲ ಸಾಲು ಬರೆಯುವ ಮೊದಲೇ ಕೊನೆಯ ಸಾಲು ಮನಸ್ಸಿನಲ್ಲಿ ಸಿದ್ಧವಾಗಿರುತ್ತದೆ. 'ಅಮ್ಮನ ತ್ಯಾಗ ದೊಡ್ಡದು', 'ಆ ದಿನಗಳು ಮತ್ತೆ ಬರಲಾರವು', ಹೀಗೆ. ಕೊನೆ ಮೊದಲೇ ಗೊತ್ತಿದ್ದರೆ ಬರೆಯುತ್ತಾ ಹೊಸದಾಗಿ ಕಾಣುವುದಕ್ಕೆ ಏನು ಉಳಿಯುತ್ತದೆ? ಅದಕ್ಕೇ ನಾನು ಬರೆಯುವಾಗ ಉಪಸಂಹಾರವನ್ನು ಪೂರ್ತಿ ಬಿಟ್ಟಿದ್ದೇನೆ. ಉಳಿದದ್ದೆಲ್ಲ ಅದರಿಂದಲೇ ಶುರುವಾಯಿತು.

ನಾನು ಪೀಣ್ಯದ ಒಂದು ಗಾರ್ಮೆಂಟ್ ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುವವಳು. ಮನೆ ಕನಕಪುರ ರಸ್ತೆಯ ಕಡೆ. ಹಸಿರು ಮಾರ್ಗದ ಮೆಟ್ರೋದಲ್ಲಿ ಊರಿನ ಈ ತುದಿಯಿಂದ ಆ ತುದಿಗೆ ಹೋಗಿಬರುತ್ತೇನೆ. ಸಾಹಿತ್ಯ ಓದಿದ್ದು ಸುಮ್ನೆ ಇಷ್ಟಪಟ್ಟು, ಡಿಗ್ರಿಗಾಗಿ ಅಲ್ಲ. ಕೆಲವು ವರ್ಷಗಳಿಂದ ಸ್ವಂತ ಬದುಕಿನ ಪ್ರಬಂಧಗಳನ್ನು ಬರೆಯುತ್ತಿದ್ದೇನೆ. ಅವುಗಳಲ್ಲಿ ಒಂದು ಹೇಗೆ ಬೆಳೆಯಿತು ಅನ್ನುವುದನ್ನು ಇಲ್ಲಿ ಪೂರ್ತಿ ಬಿಚ್ಚಿಡುತ್ತೇನೆ. ಹತ್ತು ಪ್ರಬಂಧಗಳ ಬಗ್ಗೆ ಮೇಲೆ ಮೇಲೆ ಹೇಳುವುದಕ್ಕಿಂತ ಒಂದನ್ನೇ ಹತ್ತಿರದಿಂದ ತೋರಿಸಿದರೆ ಓದುವವರಿಗೆ ಜಾಸ್ತಿ ಉಪಯೋಗ.

ವಿಷಯ ಆರಿಸುವಾಗ ನಾನು ದೊಡ್ಡ ಘಟನೆಗಳನ್ನು ಹುಡುಕುವುದಿಲ್ಲ. ಮದುವೆ, ಸಾವು, ಕೆಲಸ ಸಿಕ್ಕಿದ್ದು, ಇವುಗಳ ಕಥೆಯನ್ನು ನಾವು ಬೇರೆಯವರಿಗೆ ಎಷ್ಟೋ ಸಲ ಹೇಳಿರುತ್ತೇವೆ. ಹೇಳಿ ಹೇಳಿ ಅವು ಬಾಯಿಪಾಠವಾಗಿರುತ್ತವೆ. ಕಾರಣ ಗೊತ್ತಿಲ್ಲದೆ ಮನಸ್ಸಿನಲ್ಲಿ ಕೂತಿರುವ ಸಣ್ಣ ಸಂಗತಿ ಇರುತ್ತಲ್ಲ, ಅದು ಒಳ್ಳೆಯ ವಿಷಯ. ನಮ್ಮ ಅಪಾರ್ಟ್‌ಮೆಂಟ್‌ಗೆ ರಾತ್ರಿ ಹೊತ್ತು ಟ್ಯಾಂಕರ್ ಬಂದು ಸಂಪ್‌ಗೆ ನೀರು ಬಿಡುತ್ತದೆ. ಮನೆಯವರೆಲ್ಲ ಮಲಗೇ ಇರುತ್ತಾರೆ. ನಾನು ಮಾತ್ರ ಎದ್ದು ಕೂರುತ್ತೇನೆ. ಏನೋ ಮಾಡುವುದಿದೆ, ತಡವಾಗುತ್ತಿದೆ ಅನ್ನಿಸುತ್ತದೆ. ಮಾಡುವುದೇನೂ ಇರುವುದಿಲ್ಲ. ಮತ್ತೆ ಯಾಕೆ ಹೀಗೆ? ಆ ಪ್ರಶ್ನೆಯನ್ನು ನೋಟ್‌ಬುಕ್ಕಿನ ಮೇಲ್ಗಡೆ ಬರೆದೆ. ಉತ್ತರದ ಒಂದು ತುದಿ ನನಗೆ ಗೊತ್ತೇ ಇತ್ತು. ನಾನು ಬೆಳೆದದ್ದು ಹನುಮಂತನಗರದ ಒಂದು ವಠಾರದಲ್ಲಿ. ಎಲ್ಲ ಮನೆಗೂ ಸೇರಿ ಅಂಗಳದಲ್ಲಿ ಒಂದೇ ನಲ್ಲಿ. ನೀರು ಬರುತ್ತಿದ್ದದ್ದು ದಿನ ಬಿಟ್ಟು ದಿನ, ಅದೂ ಹೊತ್ತಲ್ಲದ ಹೊತ್ತಿನಲ್ಲಿ. ಅಷ್ಟು ಹೇಳಿದರೆ ಪ್ರಶ್ನೆ ಮುಗಿದ ಹಾಗೆ ಕಾಣುತ್ತದೆ. ಹೀಗೆ ಬೇಗ ಸಿಕ್ಕ ಉತ್ತರವನ್ನು ನಾನು ಒಪ್ಪಿಕೊಳ್ಳುವುದಿಲ್ಲ. ಅದು ಬಾಗಿಲು ಅಷ್ಟೇ, ಒಳಗೆ ಹೋಗಿ ನೋಡಬೇಕು.

ಒಳಗೆ ಹೋಗುವುದು ಹೇಗೆ? ಮೊದಲ ಬರಹದಲ್ಲಿ ವಸ್ತುಗಳನ್ನು ಮಾತ್ರ ಬರೆಯುತ್ತೇನೆ. ಭಾವನೆಯ ಮಾತು ಒಂದೂ ಬೇಡ. ಸಂತೋಷ, ನೋವು, ಪ್ರೀತಿ, ಕಷ್ಟ, ಈ ಪದಗಳನ್ನು ಮೊದಲ ಸಲ ಮುಟ್ಟುವುದಿಲ್ಲ. ಹಿತ್ತಾಳೆ ಬಿಂದಿಗೆ. ಅದರ ಕತ್ತಿನ ಹತ್ತಿರ ಇದ್ದ ತಗ್ಗು. ಆಮೇಲೆ ಬಂದ ಪ್ಲಾಸ್ಟಿಕ್ ಕೊಡಗಳು, ನಮ್ಮದು ಹಸಿರು, ಎದುರುಮನೆಯದು ಕೆಂಪು. ನಲ್ಲಿ ಬಾಯಿಗೆ ಕಟ್ಟಿದ್ದ ಬಟ್ಟೆ. ನೀರು ಬರುವ ಮೊದಲು ಪೈಪಿನೊಳಗೆ ಬುಸ್ ಎಂದು ಗಾಳಿ ಹೊರಡುವ ಸದ್ದು. ಓನರಮ್ಮನ ಮನೆಯ ಹೊರಗಿನ ದೀಪ, ಅದೊಂದೇ ಅಂಗಳಕ್ಕೆಲ್ಲ ಬೆಳಕು. ಅಡುಗೆಮನೆಯ ಮೂಲೆಯಲ್ಲಿ ಹಂಡೆ, ಬಚ್ಚಲಲ್ಲಿ ಸಿಮೆಂಟ್ ತೊಟ್ಟಿ.

ಆಮೇಲೆ ವಠಾರದ ನಕ್ಷೆ ಬರೆದೆ. ಚಿತ್ರ ಬರೆಯಲು ಬರಬೇಕೆಂದೇನಿಲ್ಲ, ಚೌಕಗಳು ಸಾಕು. ಯಾವ ಮನೆ ಎಲ್ಲಿ, ನಲ್ಲಿ ಎಲ್ಲಿ, ಬಟ್ಟೆ ಒಗೆಯುವ ಕಲ್ಲು ಎಲ್ಲಿ, ತುಳಸಿಕಟ್ಟೆ ಎಲ್ಲಿ. ಬರೆಯಲು ಶುರುಮಾಡುವವರಿಗೆ ನಾನು ಹೇಳುವ ಮೊದಲ ಕೆಲಸ ಇದೇ. ನೆನಪನ್ನು ಮಾತಿನಲ್ಲಿ ಕೇಳಿದರೆ ಅದು ಹಳೆಯ ಕಥೆಯನ್ನೇ ಮತ್ತೆ ಹೇಳುತ್ತದೆ. ಜಾಗ ತೋರಿಸು ಅಂದರೆ ಬೇರೆಯದನ್ನು ಕೊಡುತ್ತದೆ. ನಕ್ಷೆಯ ಮೇಲೆ ನಲ್ಲಿಯ ಮುಂದೆ ಸಾಲಿನಲ್ಲಿ ನಿಲ್ಲುತ್ತಿದ್ದವರನ್ನೆಲ್ಲ ಚುಕ್ಕಿ ಇಟ್ಟು ಗುರುತಿಸಿದೆ. ಮೂಲೆಮನೆ ಅಜ್ಜಿ. ಎದುರುಮನೆ ಆಂಟಿ, ಅವರ ಇಬ್ಬರು ಹೆಣ್ಣುಮಕ್ಕಳು. ಟೈಲರ್ ಹೆಂಡತಿ. ಅಮ್ಮ. ನಾನು, ಪಕ್ಕದಲ್ಲಿ ಪುಸ್ತಕ, ಯಾಕೆಂದರೆ ಅಮ್ಮ ಒಳಗೆ ತುಂಬಿಟ್ಟು ಬರುವವರೆಗೆ ನಮ್ಮ ಕೊಡಗಳನ್ನು ಕಾಯುವುದು ನನ್ನ ಕೆಲಸ. ಅಣ್ಣನ ಚುಕ್ಕಿ ಎಲ್ಲಿಡಬೇಕು ಅಂತ ಪೆನ್ನು ಹಿಡಿದು ಯೋಚಿಸಿದೆ. ಇಡಲು ಜಾಗವೇ ಸಿಗಲಿಲ್ಲ. ಅಣ್ಣ ಆ ಸಾಲಿನಲ್ಲಿ ನಿಂತ ಒಂದು ನೆನಪೂ ನನ್ನಲ್ಲಿ ಇರಲಿಲ್ಲ.

ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಗೊತ್ತಿತ್ತು, ಆದರೆ ಅದನ್ನು ಯಾವತ್ತೂ ನೋಡಿರಲಿಲ್ಲ. ಮನಸ್ಸಿನಲ್ಲಿ ದೂರು ಕೂಡ ಇರಲಿಲ್ಲ. ಅಣ್ಣ ಎಂದರೆ ನನಗೆ ಈಗಲೂ ಜೀವ. ಕಾಗದದ ಮೇಲೆ ಎಲ್ಲರ ಚುಕ್ಕಿ ಇದ್ದು ಅವನದೊಂದು ಇಲ್ಲದಾಗ ಮಾತ್ರ ಅದು ಕಣ್ಣಿಗೆ ಬಿತ್ತು.

ಇಂಥ ಜಾಗ ಸಿಕ್ಕಾಗ ನಾನು ನಿಲ್ಲಿಸಿ, 'ಯಾಕೆಂದರೆ' ಎಂದು ಬರೆದು ವಾಕ್ಯ ಮುಂದುವರಿಸುತ್ತೇನೆ. ಅಣ್ಣ ನಿಲ್ಲುತ್ತಿರಲಿಲ್ಲ, ಯಾಕೆಂದರೆ ಅವನಿಗೆ ಎಸ್ಸೆಸ್ಸೆಲ್ಸಿ ಇತ್ತು. ಸರಿ. ಮುಂದೆ? ನಾನು ಎಸ್ಸೆಸ್ಸೆಲ್ಸಿಯಲ್ಲಿದ್ದಾಗಲೂ ನಿಂತೆ, ಯಾಕೆಂದರೆ... ಅಲ್ಲಿ ಪೆನ್ನು ನಿಂತಿತು. ಬರೆಯುತ್ತಾ ಹೋದವರಿಗೆ ಈ ನಿಲ್ಲುವಿಕೆ ಗೊತ್ತಿರುತ್ತದೆ. ಅಲ್ಲಿಂದ ಎದ್ದು ಹೋಗಿ ಕಾಫಿ ಮಾಡಿಕೊಳ್ಳೋಣ ಅನ್ನಿಸುತ್ತದೆ. ನನ್ನ ಅನುಭವದಲ್ಲಿ ಪ್ರಬಂಧ ಇರುವುದೇ ಆ ಜಾಗದಲ್ಲಿ. ಅದಕ್ಕೆ ಹಿಂದಿನದೆಲ್ಲ ಅಲ್ಲಿಗೆ ಬರುವ ದಾರಿ. ಎದ್ದು ಹೋದರೂ ಪರವಾಗಿಲ್ಲ, ಆದರೆ ಮಾರನೆ ದಿನ ಅದೇ ವಾಕ್ಯದಿಂದ ಶುರುಮಾಡಬೇಕು.

ಈ 'ಯಾಕೆಂದರೆ' ನಾನೇ ಕಂಡುಹಿಡಿದದ್ದಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಸಹೋದ್ಯೋಗಿಯೊಬ್ಬರ ಜೊತೆ 1986ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳು ಸತತ 4 ದಿನ, ದಿನಕ್ಕೆ 15 ನಿಮಿಷ ಬರೆದರು. ಕೆಲವರು ಸಾಮಾನ್ಯ ವಿಷಯಗಳ ಬಗ್ಗೆ, ಕೆಲವರು ತಮ್ಮ ಬದುಕಿನ ಕಷ್ಟದ ಘಟನೆಗಳ ಬಗ್ಗೆ. ಘಟನೆ ಮತ್ತು ಅದರ ಬಗ್ಗೆ ತಮಗೆ ಅನ್ನಿಸಿದ್ದು, ಎರಡನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಕಾಲೇಜಿನ ಆರೋಗ್ಯ ಕೇಂದ್ರಕ್ಕೆ ಕಡಿಮೆ ಸಲ ಹೋದರು. ಬರೆದ ಕೂಡಲೇ ಮಾತ್ರ ಅವರಿಗೆ ಹಗುರ ಅನ್ನಿಸಲಿಲ್ಲ, ಮನಸ್ಸು ಇನ್ನಷ್ಟು ಭಾರವಾಯಿತು. ಮುಂದೆ ಬರಹಗಳ ಪದಗಳನ್ನೇ ಎಣಿಸಿ ನೋಡಿದಾಗ ಇನ್ನೊಂದು ಸಂಗತಿ ಸಿಕ್ಕಿತು. ದಿನದಿಂದ ದಿನಕ್ಕೆ ಕಾರಣ ಹೇಳುವ ಪದಗಳು, 'ಈಗ ಅರ್ಥವಾಯಿತು' ಎನ್ನುವಂಥ ಪದಗಳು ಯಾರ ಬರಹದಲ್ಲಿ ಹೆಚ್ಚಾದವೋ ಅವರಿಗೆ ಲಾಭ ಜಾಸ್ತಿ. ಆಮೇಲೆ ಬಂದ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿದಾಗ ಲಾಭದ ಪ್ರಮಾಣ ಸಣ್ಣದೇ ಎಂದು ಕಂಡಿದೆ. ಆದ್ದರಿಂದ ಬರೆಯುವುದು ಔಷಧಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಆದರೆ ಕಾರಣ ಹುಡುಕುವ ವಾಕ್ಯಕ್ಕೂ ಬರೀ ಅಳಲು ತೋಡಿಕೊಳ್ಳುವ ವಾಕ್ಯಕ್ಕೂ ಇರುವ ವ್ಯತ್ಯಾಸ ನನ್ನ ನೋಟ್‌ಬುಕ್ಕಿನಲ್ಲೇ ಕಾಣುತ್ತದೆ.

ಆ ವಾಕ್ಯ ಮುಗಿಸಿದ ದಿನ ನನಗೆ ಸಿಟ್ಟು ಬಂತು. ಎರಡನೇ ಬರಹ ಪೂರ್ತಿ ಸಿಟ್ಟಿನಲ್ಲೇ ಬರೆದೆ. ಹುಡುಗರಿಗೆ ಒಂದು ನ್ಯಾಯ, ಹುಡುಗಿಯರಿಗೆ ಒಂದು ನ್ಯಾಯ ಎಂದು ಪುಟಗಟ್ಟಲೆ. ಅದು ಸುಳ್ಳಲ್ಲ. ಆದರೆ ಓದಿ ನೋಡಿದರೆ ಯಾರು ಬೇಕಾದರೂ ಬರೆಯಬಹುದಾದ ಬರಹ. ಹಳೆಯ ಉಪಸಂಹಾರ ಹೋಗಿ ಹೊಸ ಉಪಸಂಹಾರ ಬಂದು ಕೂತಿತ್ತು, ಅಷ್ಟೇ.

ಇಂಥ ಹೊತ್ತಿನಲ್ಲಿ ನನಗೆ ತುಂಬಾ ಸಹಾಯವಾಗುವ ಒಂದು ಅಭ್ಯಾಸವಿದೆ. 'ನಾನು' ತೆಗೆದು 'ಅವಳು' ಹಾಕಿ ಅದನ್ನೇ ಮತ್ತೆ ಬರೆಯುವುದು. ಹದಿನೈದರ ಹುಡುಗಿ ನಲ್ಲಿಯ ಹತ್ತಿರ ಒಗೆಯುವ ಕಲ್ಲಿನ ಮೇಲೆ ಕೂತಿದ್ದಾಳೆ. ಮಡಿಲಲ್ಲಿ ಸಮಾಜ ವಿಜ್ಞಾನದ ಪುಸ್ತಕ. 'ನಾನು' ಇದ್ದಾಗ ಅವಳ ಬಗ್ಗೆ ನಾನು ವಾದ ಮಾಡುತ್ತಿದ್ದೆ. 'ಅವಳು' ಆದ ಮೇಲೆ ಅವಳನ್ನು ನೋಡಲು ಸಾಧ್ಯವಾಯಿತು. ನೋಡಿದರೆ ಅವಳು ಓದುತ್ತಲೇ ಇಲ್ಲ! ಕಿವಿ ಪೂರ್ತಿ ಹೆಂಗಸರ ಮಾತಿನ ಮೇಲಿದೆ. ಮೂಲೆಮನೆ ಅಜ್ಜಿ ತನ್ನ ನಾದಿನಿಯ ಕಥೆಯನ್ನು ಎಲ್ಲಿ ನಿಲ್ಲಿಸುತ್ತಾಳೆ, ಎದುರುಮನೆ ಆಂಟಿ ಹೇಗೆ ಒಂದೇ ಮಾತಿನಲ್ಲಿ ಓನರಮ್ಮನ ಬಾಯಿ ಮುಚ್ಚಿಸುತ್ತಾಳೆ, ಗಂಡಸರು ಇಲ್ಲದಾಗ ಅಮ್ಮ ಹೇಗೆ ದನಿ ಎತ್ತಿ ನಗುತ್ತಾಳೆ. ಮನೆಯೊಳಗೆ ಅಮ್ಮ ಹಾಗೆ ನಕ್ಕದ್ದನ್ನು ನಾನು ಕಡಿಮೆ ನೋಡಿದ್ದೇನೆ. ಆ ಹುಡುಗಿಗೆ ಅಲ್ಲಿಂದ ಏಳಲು ಇಷ್ಟವಿಲ್ಲ. ಕೊಡ ತುಂಬಿಬಿಟ್ಟರೆ ಅವಳಿಗೆ ಬೇಜಾರು.

ಹಾಗಾದರೆ ಅನ್ಯಾಯ ಆಗಲಿಲ್ಲವಾ? ಆಯಿತು. ಅವಳಿಗೆ ಸುಖವೂ ಇತ್ತಾ? ಇತ್ತು. ದಿನವಿಡೀ ಲೆಕ್ಕದಲ್ಲಿರುವ ನನಗೆ ಎರಡು ಕಡೆ ತಾಳೆಯಾಗದಿದ್ದರೆ ಸಮಾಧಾನವಿಲ್ಲ. ಒಂದು ರೂಪಾಯಿ ವ್ಯತ್ಯಾಸವಿದ್ದರೂ ಸಂಜೆ ಕೂತು ಹುಡುಕುತ್ತೇನೆ. ಪ್ರಬಂಧದಲ್ಲಿ ಆ ತಾಳೆ ಬೇಡ. ಎರಡೂ ಪೂರ್ತಿ ನಿಜವಾಗಿ ಒಂದೇ ಪುಟದಲ್ಲಿ ಇರಬಹುದು. ಒಂದನ್ನು ಬರೆಯಲು ಇನ್ನೊಂದನ್ನು ಸಣ್ಣದು ಮಾಡಬೇಕಿಲ್ಲ. ರಾತ್ರಿ ಟ್ಯಾಂಕರ್ ಸದ್ದಿಗೆ ಎದ್ದು ಕೂರುವುದರಲ್ಲಿ ಆತಂಕವೊಂದೇ ಇಲ್ಲ, ಹೊರಗೆ ಓಡಿಹೋಗಿ ಕೂರುವ ಆಸೆಯೂ ಇದೆ ಎಂದು ನನಗೆ ತಿಳಿದದ್ದು ಹೀಗೆ. ನನ್ನ ಬಗ್ಗೆ ಇದನ್ನು ಯಾರೂ ಹೇಳಿಕೊಡಲು ಆಗುತ್ತಿರಲಿಲ್ಲ.

ಸ್ವಂತದ ಬಗ್ಗೆ ಬರೆಯುವುದೆಂದರೆ ಬರೀ ಒಳಗೆ ನೋಡುತ್ತಾ ಕೂರುವುದು ಎಂದು ಕೆಲವರು ತಿಳಿಯುತ್ತಾರೆ. ನಾನು ಒಪ್ಪುವುದಿಲ್ಲ. ಯಾವುದಾದರೂ ಒಂದು ಕಡೆ ಹೊರಗಿನ ಲೋಕಕ್ಕೆ ಕಿಟಕಿ ತೆರೆಯದಿದ್ದರೆ ಪ್ರಬಂಧ ಉಸಿರುಗಟ್ಟುತ್ತದೆ. ನಮ್ಮ ನಲ್ಲಿಗೆ ಆ ನೀರು ಬರುತ್ತಿದ್ದದ್ದು ಎಲ್ಲಿಂದ? ಹುಡುಕಿ ಓದಿದೆ. ಬೆಂಗಳೂರಿಗೆ 1890ರ ದಶಕದಲ್ಲಿ ಹೆಸರಘಟ್ಟದಿಂದ ನೀರು ಬಂತು. 1933ರಲ್ಲಿ ಅರ್ಕಾವತಿಗೆ ಕಟ್ಟಿದ ತಿಪ್ಪಗೊಂಡನಹಳ್ಳಿ ಜಲಾಶಯದಿಂದ. ಕಾವೇರಿಯ ಮೊದಲ ಹಂತ ಬಂದದ್ದು 1974ರಲ್ಲಿ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪ್ ಮಾಡಿ ತರಬೇಕು. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ, ಹೀಗೆ ಮೂರು ಕಡೆ ಪಂಪಿಂಗ್ ಸ್ಟೇಷನ್. ತಾತಗುಣಿ ಇರುವುದು ನಾನು ಈಗ ವಾಸವಾಗಿರುವ ಕನಕಪುರ ರಸ್ತೆಯಲ್ಲೇ! ಇದನ್ನು ಓದಿದ ಮೇಲೆ ನಮ್ಮ ಅಂಗಳದ ಜಗಳಗಳು ನನಗೆ ಬೇರೆ ಥರ ಕಂಡವು. ಅಷ್ಟು ದೂರದಿಂದ ಏರಿ ಬಂದ ನೀರು ಒಂದು ನಲ್ಲಿಯಲ್ಲಿ ಸ್ವಲ್ಪ ಹೊತ್ತು ಸುರಿದು ನಿಲ್ಲುತ್ತದೆ. ಅಷ್ಟರೊಳಗೆ ಎಲ್ಲರ ಹಂಡೆ ತುಂಬಬೇಕು. ಟೈಲರ್ ಹೆಂಡತಿಯನ್ನು 'ಜಗಳಗಂಟಿ' ಎಂದು ಬರೆದಿದ್ದೆ. ಆ ಪದದ ಕೆಳಗೆ ಅವರ ಮನೆಯಲ್ಲಿ ಎಷ್ಟು ಜನ ಇದ್ದರು ಎಂದು ಬರೆದೆ. ಬೇರೇನೂ ಸೇರಿಸುವುದು ಬೇಕಾಗಲಿಲ್ಲ.

ತಿದ್ದುವುದರ ಬಗ್ಗೆ ಒಂದು ಮಾತು. ಈ ಬಗೆಯ ಬರಹಕ್ಕೆ ದಾರಿ ಮಾಡಿಕೊಟ್ಟ ಫ್ರಾನ್ಸಿನ ಮೊಂತೇನ್ ತನ್ನ ಪ್ರಬಂಧಗಳನ್ನು ಮೊದಲು ಅಚ್ಚು ಹಾಕಿಸಿದ್ದು 1580ರಲ್ಲಿ. ಅಲ್ಲಿಗೆ ಮುಗಿಸಲಿಲ್ಲ. 1588ರ ಮುದ್ರಣದ ಒಂದು ಪ್ರತಿಯನ್ನು ಇಟ್ಟುಕೊಂಡು, 1592ರಲ್ಲಿ ಸಾಯುವವರೆಗೂ ಅದರ ಅಂಚಿನಲ್ಲಿ ಕೈಬರಹದಲ್ಲಿ ಸೇರಿಸುತ್ತಾ ಹೋದ. ಅಂಚು ತುಂಬಿದ ಆ ಪ್ರತಿ ಈಗಲೂ ಬೋರ್ಡೋ ನಗರದಲ್ಲಿದೆ. ಇದನ್ನು ತಿಳಿದ ಮೇಲೆ ನಾನು ಅವೆನ್ಯೂ ರಸ್ತೆಯಲ್ಲಿ ಅಗಲ ಅಂಚಿನ ಉದ್ದ ನೋಟ್‌ಬುಕ್ ತರಲು ಶುರುಮಾಡಿದೆ. ಬಲಗಡೆ ಪುಟದಲ್ಲಿ ಮಾತ್ರ ಬರೆಯುತ್ತೇನೆ. ಎಡಗಡೆ ಪುಟ ಆಮೇಲೆ ಅನ್ನಿಸಿದ್ದಕ್ಕೆ. ಮೊದಲು ಬರೆದದ್ದನ್ನು ಹೊಡೆದು ಹಾಕುವುದಿಲ್ಲ, ಸಿಟ್ಟಿನ ಬರಹವನ್ನೂ. ಅದು ಆ ದಿನದ ನಾನು. ನಾಳೆಯವಳು ಪಕ್ಕದಲ್ಲಿ ಕೂತು ಉತ್ತರ ಕೊಡಲಿ. ಕಂಪ್ಯೂಟರಿನಲ್ಲಿ ಅಳಿಸುವುದು ತೀರಾ ಸುಲಭ. ಅಳಿಸಿದ ಮೇಲೆ ಮನಸ್ಸು ಹೇಗೆ ತಿರುಗಿತು ಅನ್ನುವ ಗುರುತೇ ಉಳಿಯುವುದಿಲ್ಲ.

ಭಾಷೆಯ ವಿಷಯ ನನಗೆ ಇನ್ನೂ ಹತ್ತಿರದ್ದು. ಬೆಂಗಳೂರಿನಲ್ಲಿ ಮನೆಯಲ್ಲಿ ಕನ್ನಡ ಆಡುವ ಎಷ್ಟೋ ಜನ ಡೈರಿಯನ್ನು ಇಂಗ್ಲಿಷಿನಲ್ಲಿ ಬರೆಯುತ್ತಾರೆ. ಗೆಳತಿಯರನ್ನು ಕೇಳಿದರೆ 'ಕನ್ನಡದಲ್ಲಿ ಬರೆದರೆ ತುಂಬಾ ಹತ್ತಿರ ಬರುತ್ತೆ ಕಣೆ' ಅನ್ನುತ್ತಾರೆ. ಹತ್ತಿರ ಬರಬೇಕಾದದ್ದೇ ಅಲ್ವಾ? ಯಾವ ಭಾಷೆಯಲ್ಲಿ ಬೈಸಿಕೊಂಡಿದ್ದೀರೋ, ಮುದ್ದು ಮಾಡಿಸಿಕೊಂಡಿದ್ದೀರೋ ಆ ಭಾಷೆಯಲ್ಲಿ ಬರೆಯಿರಿ. ಕನ್ನಡದೊಳಗೂ ಎಚ್ಚರ ಬೇಕು. 'ನಮ್ಮ ತಾಯಿ ಶ್ರಮಜೀವಿಯಾಗಿದ್ದರು' ಎಂದು ಬರೆದರೆ ಅಮ್ಮ ಸಭೆಯಲ್ಲಿ ಹಾರ ಹಾಕಿದ ಫೋಟೋ ಆಗಿಬಿಡುತ್ತಾಳೆ. 'ಏಳೇ, ನೀರು ಬಂತು, ಎದ್ದೇಳೇ' ಎಂದು ಬರೆದ ಕೂಡಲೇ ಅಮ್ಮನ ಒದ್ದೆ ಕೈ ನನ್ನ ಹೆಗಲ ಮೇಲೆ ಬಿತ್ತು. ಆ ಒಂದು ಸಾಲು ಬಂದ ಮೇಲೆ ಮುಂದಿನ ಎರಡು ಪುಟ ತಡೆಯಿಲ್ಲದೆ ಬಂದವು. ಮೆಟ್ರೋದಲ್ಲಿ ಹೋಗುವಾಗ ನಾನು ಮಾಡುವುದು ಇಷ್ಟೇ, ಮನೆಯವರು ಆಡಿದ ಮಾತುಗಳನ್ನು ಅವರು ಆಡಿದ ಹಾಗೇ ಫೋನಿನಲ್ಲಿ ಬರೆದಿಟ್ಟುಕೊಳ್ಳುವುದು. ಉಳಿದದ್ದು ಮನೆಯಲ್ಲಿ, ಬೆಳಿಗ್ಗೆ ಕುಕ್ಕರ್ ಕೂಗುವ ಮೊದಲು.

ಬರೆದದ್ದನ್ನು ಗಟ್ಟಿಯಾಗಿ ಓದಬೇಕು, ಕೇಳುವವರ ಮುಂದೆ. ನಾವು ನಾಲ್ಕೈದು ಹೆಂಗಸರು ಬಸವನಗುಡಿಯ ಕೃಷ್ಣರಾವ್ ಪಾರ್ಕಿನಲ್ಲಿ ಆಗಾಗ ಭಾನುವಾರ ಬೆಳಿಗ್ಗೆ ಸೇರುತ್ತೇವೆ. ಒಬ್ಬರು ಓದುತ್ತಾರೆ, ಉಳಿದವರು ಕೇಳುತ್ತಾರೆ. ಚೆನ್ನಾಗಿದೆ, ಚೆನ್ನಾಗಿಲ್ಲ ಎಂದು ಹೇಳುವ ಹಾಗಿಲ್ಲ. ಸಲಹೆಯೂ ಬೇಡ, ಸಮಾಧಾನವೂ ಬೇಡ. ಎಲ್ಲಿ ಗಮನ ಬೇರೆ ಕಡೆ ಹೋಯಿತು, ಎಲ್ಲಿ ಇನ್ನೂ ಕೇಳಬೇಕು ಅನ್ನಿಸಿತು, ಅಷ್ಟು ಮಾತ್ರ. ಗಮನ ತಪ್ಪಿದ ಜಾಗಗಳಲ್ಲಿ ನಾನು ಸಾಮಾನ್ಯವಾಗಿ ಏನನ್ನೋ ಮುಚ್ಚಿಡುತ್ತಿರುತ್ತೇನೆ. ಅಪ್ಪನ ಬಗ್ಗೆ ಇದ್ದ ಒಂದು ಪ್ಯಾರಾ ಓದುವಾಗ ಎಲ್ಲರೂ ಒಟ್ಟಿಗೆ ಹಾಗೇ ಹೇಳಿದರು. ಅದು ಬೇರೆ ಪ್ರಬಂಧದ ವಿಷಯ, ಇದರಿಂದ ತೆಗೆದು ಎಡಗಡೆ ಪುಟಕ್ಕೆ ಹಾಕಿದ್ದೇನೆ.

ಎಲ್ಲವನ್ನೂ ಬರೆಯಲೇಬೇಕು ಎಂದಿಲ್ಲ. ಹಸಿ ಗಾಯವನ್ನು ನಾನು ಮುಟ್ಟುವುದಿಲ್ಲ. ಬರೆದು ಎದ್ದ ಮೇಲೆ ಸ್ವಲ್ಪ ಹೊತ್ತು ಭಾರ ಅನ್ನಿಸುವುದು ಸಹಜ. ದಿನಗಟ್ಟಲೆ ನಿದ್ದೆ ಕೆಡುತ್ತಿದ್ದರೆ ಪೆನ್ನು ಕೆಳಗಿಟ್ಟು ಯಾರ ಹತ್ತಿರವಾದರೂ ಮಾತಾಡಬೇಕು. ಟೆಲಿ ಮಾನಸ್ ಸಹಾಯವಾಣಿ 14416 ಇದೆ, ದಿನದ ಯಾವ ಹೊತ್ತಿನಲ್ಲೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಮನೆಯವರ ಬಗ್ಗೆ ಬರೆದದ್ದನ್ನು ಹೊರಗೆ ಯಾರಿಗಾದರೂ ಕೊಡುವ ಮೊದಲು ಅವರಿಗೇ ಓದಿ ಹೇಳುವುದು ನನ್ನ ಪದ್ಧತಿ. ಅನುಮತಿ ಕೇಳುವುದಕ್ಕಿಂತ ಹೆಚ್ಚಾಗಿ ಅವರು ಏನು ಹೇಳುತ್ತಾರೆ ಎಂದು ಕೇಳುವ ಆಸೆಗೆ. ಅಮ್ಮನಿಗೆ ಓದಿದೆ. ಅಮ್ಮ ಪೂರ್ತಿ ಕೇಳಿ, 'ನಿನ್ನನ್ನ ನಾನೆಲ್ಲಿ ನಿಲ್ಲಿಸಿದೆ? ನೀನೇ ಬರ್ತಿದ್ದೆ. ಒಳಗೆ ಕೂತು ಓದ್ಕೋ ಅಂದ್ರೆ ಕೇಳ್ತಿರ್ಲಿಲ್ಲ' ಅಂದಳು. ಆ ಮಾತನ್ನು ಹಾಗೇ ಎಡಗಡೆ ಪುಟದಲ್ಲಿ ಬರೆದುಕೊಂಡೆ. ಬಲಗಡೆಯದನ್ನು ಬದಲಾಯಿಸಲಿಲ್ಲ. ಅಣ್ಣನಿಗೆ ಫೋನಿನಲ್ಲಿ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, 'ಸೀಮೆಎಣ್ಣೆ ಕ್ಯೂ ನೆನಪಿಲ್ವೇನೆ ನಿಂಗೆ?' ಅಂದ. ರೇಷನ್ ಅಂಗಡಿಗೆ ಸೀಮೆಎಣ್ಣೆ ಬಂದಿದೆ ಎಂದು ಸುದ್ದಿ ಬಂದರೆ ಕ್ಯಾನ್ ಹಿಡಿದು ಓಡುತ್ತಿದ್ದವನು ಅವನು. ಬಿಸಿಲಲ್ಲಿ ನಿಂತು, ಸರದಿ ಬರುವ ಹೊತ್ತಿಗೆ ಮುಗಿಯಿತು ಅಂದರೆ ಖಾಲಿ ಕ್ಯಾನ್ ತಂದು ಬೈಸಿಕೊಳ್ಳುತ್ತಿದ್ದವನೂ ಅವನೇ. 'ನಿನ್ನ ಕ್ಯೂ ಮನೆ ಬಾಗಿಲಲ್ಲೇ ಇತ್ತು. ನನ್ನ ಜೊತೆ ಮಾತಾಡೋರೂ ಇರ್ಲಿಲ್ಲ' ಅಂದ.

ನನ್ನ ನಕ್ಷೆಯಲ್ಲಿ ರೇಷನ್ ಅಂಗಡಿಯೇ ಇಲ್ಲ. ನಕ್ಷೆ ವಠಾರದ ಗೇಟಿಗೆ ನಿಂತುಬಿಟ್ಟಿದೆ. ಅಣ್ಣನ ಚುಕ್ಕಿ ಇದ್ದದ್ದು ಅದರ ಆಚೆ. ನಲ್ಲಿ ಸಾಲಿನಲ್ಲಿ ಹುಡುಗರು ನಿಲ್ಲುತ್ತಿರಲಿಲ್ಲ ಎನ್ನುವುದು ಇದರಿಂದ ಬದಲಾಗುವುದಿಲ್ಲ, ಆ ಮಾತು ಪ್ರಬಂಧದಲ್ಲಿ ಹಾಗೇ ಇದೆ. ಆದರೆ ಒಂದೇ ಮನೆಯಲ್ಲಿ ಬೆಳೆದ ನಾವಿಬ್ಬರು ಎರಡು ಬೇರೆ ಸಾಲುಗಳಲ್ಲಿ ನಿಂತು ದೊಡ್ಡವರಾದೆವು, ಒಬ್ಬರ ಸಾಲು ಇನ್ನೊಬ್ಬರಿಗೆ ಕಾಣಲಿಲ್ಲ ಎನ್ನುವುದು ಈಗ ಅದರ ಪಕ್ಕದಲ್ಲಿದೆ. ಬರೆದುಕೊಡು ಎಂದರೆ ಅಣ್ಣ ಒಪ್ಪಲಿಲ್ಲ. ವಾಟ್ಸಾಪಿನಲ್ಲಿ ಉದ್ದುದ್ದ ವಾಯ್ಸ್ ಮೆಸೇಜ್ ಕಳಿಸುತ್ತಿದ್ದಾನೆ, ನಾನು ಕೇಳಿ ಬರೆದಿಡುತ್ತಿದ್ದೇನೆ. ಹೊಸ ನೋಟ್‌ಬುಕ್ಕಿನ ಮೇಲ್ಗಡೆ ಈ ಸಲ ಬರೆದಿರುವ ಪ್ರಶ್ನೆ: ಅವನು ಖಾಲಿ ಕ್ಯಾನ್ ಹಿಡಿದು ಮನೆಗೆ ಬಂದಾಗ ನಾನು ಎಲ್ಲಿದ್ದೆ? ಮುಂದಿನ ವಾರ ಅಣ್ಣ ಊಟಕ್ಕೆ ಬರುತ್ತಾನೆ. ಗೇಟಿನಿಂದ ರೇಷನ್ ಅಂಗಡಿಯವರೆಗಿನ ಬೀದಿಯ ನಕ್ಷೆಯನ್ನು ಅವನ ಕೈಯಲ್ಲೇ ಬರೆಸಬೇಕು.